ರೈಖೆನ್‌ಬಾಖ್ ಜಲಪಾತದಿಂದ ಆಸ್ಪತ್ರೆಯ ಮಾಳಿಗೆಯವರೆಗೆ: ಒಂದು ಪತ್ತೇದಾರಿ ಕಂತು ಮತ್ತು ಪ್ರೇಕ್ಷಕರ ಊಹೆಗಳ ಚರಿತ್ರೆ

ಪತ್ತೇದಾರಿ ಕಥೆಯ ಓದುಗರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಒಂದೇ ಪ್ರಸಂಗದಿಂದ ಆರಂಭಿಸುತ್ತಾರೆ. 1893ರ ಡಿಸೆಂಬರ್ ತಿಂಗಳ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಆರ್ಥರ್ ಕಾನನ್ ಡಾಯ್ಲ್ ಅವರು 'ದಿ ಫೈನಲ್ ಪ್ರಾಬ್ಲಮ್' ಎಂಬ ಕಥೆಯನ್ನು ಪ್ರಕಟಿಸಿ, ಅದರಲ್ಲಿ ಷರ್ಲಾಕ್ ಹೋಮ್ಸನನ್ನು ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದಲ್ಲಿ ಕೊನೆಗಾಣಿಸಿದರು. ಇದನ್ನೋದಿದ ಲಂಡನ್ನಿನ ತರುಣರು ಕಪ್ಪುಪಟ್ಟಿ ಧರಿಸಿ ಕಚೇರಿಗಳಿಗೆ ಹೋದರು, 20,000 ಚಂದಾದಾರರು ಪತ್ರಿಕೆಯನ್ನು ನಿಲ್ಲಿಸಿಬಿಟ್ಟರು ಎಂದು ಆ ಪ್ರಸಂಗ ಮುಂದುವರಿಯುತ್ತದೆ. ನಾವೂ ಇದನ್ನು ತರಗತಿಗಳಲ್ಲಿ ಸಂದೇಹವಿಲ್ಲದೆ ಹೇಳಿದ್ದುಂಟು. ಈಗ ಅದನ್ನು ಹಿಂತೆಗೆದುಕೊಳ್ಳಬೇಕಾಗಿದೆ. ಹಾಗೆ ಮಾಡಲು ನಮ್ಮನ್ನು ಪ್ರೇರೇಪಿಸಿದ್ದು ಹತ್ತೊಂಬತ್ತನೆಯ ಶತಮಾನದ ಯಾವುದೋ ಹೊಸ ದಾಖಲೆಯಲ್ಲ. 2012ರ ಜನವರಿ 15ರಂದು ಬಿಬಿಸಿ ಪ್ರಸಾರ ಮಾಡಿದ 'ಷರ್ಲಾಕ್' ಎಂಬ ದೂರದರ್ಶನ ಧಾರಾವಾಹಿಯ ಒಂದು ಕಂತು ಮತ್ತು ಅದನ್ನು ನೋಡಿದವರು ಮುಂದಿನ ಎರಡು ವರ್ಷ ನಡೆಸಿದ ಚರ್ಚೆ.

ಧಾರಾವಾಹಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಸ್ಟೀವನ್ ಮಾಫಟ್ ಮತ್ತು ಮಾರ್ಕ್ ಗೇಟಿಸ್ ಎಂಬಿಬ್ಬರು ಬರಹಗಾರರು ಡಾಯ್ಲ್ ಅವರ ಪಾತ್ರಗಳನ್ನು ಇಪ್ಪತ್ತೊಂದನೆಯ ಶತಮಾನದ ಲಂಡನ್ನಿಗೆ ತಂದು, 2010ರ ಜುಲೈಯಲ್ಲಿ ಇದನ್ನು ಆರಂಭಿಸಿದರು. ಒಂದೊಂದು ಕಂತೂ ಸುಮಾರು ತೊಂಬತ್ತು ನಿಮಿಷಗಳದು. ಒಂದು ಸರಣಿಗೆ ಮೂರೇ ಕಂತುಗಳು. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹೋಮ್ಸನಾಗಿಯೂ ಮಾರ್ಟಿನ್ ಫ್ರೀಮನ್ ವಾಟ್ಸನ್ನನಾಗಿಯೂ ನಟಿಸಿದರು. ಎರಡನೆಯ ಸರಣಿಯ ಕೊನೆಯ ಕಂತೇ ನಮ್ಮ ವಿಷಯವಾದ 'ದಿ ರೈಖೆನ್‌ಬಾಖ್ ಫಾಲ್'. ಸ್ಟೀವ್ ಥಾಂಪ್ಸನ್ ಇದರ ಲೇಖಕರು. 'ಫಾಲ್' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಜಲಪಾತವೆಂದೂ ಪತನವೆಂದೂ ಎರಡರ್ಥ. ಇಲ್ಲಿ ಜಲಪಾತವಿಲ್ಲ, ಪತನ ಮಾತ್ರ ಉಂಟು. ಮೋರಿಯಾರ್ಟಿಯ ಸಂಚಿನಿಂದ ಷರ್ಲಾಕನು ವಂಚಕನೆಂಬ ಅಪಕೀರ್ತಿಗೆ ಗುರಿಯಾಗುತ್ತಾನೆ; ತಾನು ಸಾಯದಿದ್ದರೆ ಮೂವರು ಆಪ್ತರು ಸಾಯುತ್ತಾರೆಂಬ ಬೆದರಿಕೆಗೆ ಸಿಲುಕಿ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಮಾಳಿಗೆಯಿಂದ ಜಿಗಿಯುತ್ತಾನೆ. ಕೆಳಗೆ ರಸ್ತೆಯಲ್ಲಿ ವಾಟ್ಸನ್ ಅದನ್ನು ನೋಡುತ್ತಾನೆ. ರಕ್ತಸಿಕ್ತ ದೇಹದ ನಾಡಿಯನ್ನೂ ಮುಟ್ಟುತ್ತಾನೆ. ಆದರೆ ಕೊನೆಯ ದೃಶ್ಯದಲ್ಲಿ, ಸಮಾಧಿಯೆದುರು ಅಳುತ್ತಿರುವ ಗೆಳೆಯನನ್ನು ದೂರದಿಂದ ನೋಡುತ್ತ ಷರ್ಲಾಕ್ ಜೀವಂತವಾಗಿ ನಿಂತಿರುತ್ತಾನೆ.

ಆದುದರಿಂದ ಪ್ರೇಕ್ಷಕರ ಮುಂದಿದ್ದುದು 'ಸತ್ತನೇ?' ಎಂಬ ಪ್ರಶ್ನೆಯಲ್ಲ, 'ಹೇಗೆ ಉಳಿದನು?' ಎಂಬುದು. ಈ ವ್ಯತ್ಯಾಸ ಮುಖ್ಯವಾದುದು. 1980ರ ಮಾರ್ಚ್ 21ರಂದು ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ ಜೆ. ಆರ್. ಯೂಯಿಂಗ್ ಎಂಬ ಪಾತ್ರಕ್ಕೆ ಗುಂಡು ತಗುಲಿದಾಗ ಎದ್ದ ಪ್ರಶ್ನೆ 'ಯಾರು?' ಎಂಬುದಾಗಿತ್ತು. ನಟರ ಮುಷ್ಕರದಿಂದ ತಡವಾಗಿ ಅದೇ ವರ್ಷದ ನವೆಂಬರ್ 21ರಂದು ಉತ್ತರ ಬಂದಾಗ ಅಮೆರಿಕದಲ್ಲಿ ಎಂಟು ಕೋಟಿಗೂ ಮಿಕ್ಕಿದ ಜನ ಅದನ್ನು ನೋಡಿದರು. ಆದರೆ 'ಯಾರು' ಎಂಬುದಕ್ಕೆ ಒಂದು ಹೆಸರನ್ನು ಹೇಳಿ ಪಣ ಕಟ್ಟಬಹುದು. ಜನ ಕಟ್ಟಿದರು ಕೂಡ. 'ಹೇಗೆ' ಎಂಬುದಕ್ಕೆ ಪಣ ಸಾಲದು, ವಾದ ಬೇಕು. ವಾದಕ್ಕೆ ಆಧಾರ ಬೇಕು. ಆಧಾರಕ್ಕಾಗಿ ಪಾಠವನ್ನು ಮತ್ತೆ ಮತ್ತೆ ನೋಡಬೇಕು. ಧ್ವನಿಚಿತ್ರವನ್ನು ಬೇಕೆಂದಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡುವ ಅನುಕೂಲ 2012ರ ಪ್ರೇಕ್ಷಕರಿಗೆ ಮನೆಮನೆಯಲ್ಲೂ ಇತ್ತು. ಹಸ್ತಪ್ರತಿಯ ಗರಿಗಳನ್ನು ಬೆಳಕಿಗೆ ಹಿಡಿದು ನೋಡುವ ಗ್ರಂಥಸಂಪಾದಕನಂತೆ ಅವರು ಆ ಕೆಲವೇ ನಿಮಿಷಗಳ ದೃಶ್ಯವನ್ನು ಪರಿಶೀಲಿಸಿದರು.

ಅವರು ಕಂಡ ಸಂಗತಿಗಳನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಷರ್ಲಾಕನು ಮಾಳಿಗೆಯಿಂದ ಫೋನಿನಲ್ಲಿ ಮಾತನಾಡುತ್ತ ವಾಟ್ಸನ್ನನನ್ನು ಒಂದು ನಿರ್ದಿಷ್ಟ ಜಾಗದಲ್ಲೇ ನಿಲ್ಲುವಂತೆ ಒತ್ತಾಯಿಸುತ್ತಾನೆ. ಅಲ್ಲಿಂದ ನೋಡಿದರೆ ನಡುವೆ ಒಂದು ತಗ್ಗು ಕಟ್ಟಡ ಅಡ್ಡ ಬರುತ್ತದೆ. ಬೀಳುವುದು ಕಾಣುತ್ತದೆ, ನೆಲಕ್ಕೆ ತಾಗುವುದು ಕಾಣುವುದಿಲ್ಲ. ವಾಟ್ಸನ್ ಓಡಿಬರುವಾಗ ಸೈಕಲ್ ಸವಾರನೊಬ್ಬ ಅವನಿಗೆ ಡಿಕ್ಕಿ ಹೊಡೆಯುತ್ತಾನೆ. ಆತ ಎದ್ದು ಸಾವರಿಸಿಕೊಳ್ಳುವಷ್ಟರಲ್ಲಿ ಕೆಲವು ಕ್ಷಣಗಳು ಕಳೆದಿರುತ್ತವೆ. ಹತ್ತಿರದಲ್ಲಿ ಚೀಲಗಳನ್ನು ತುಂಬಿದ ಒಂದು ಲಾರಿ ನಿಂತಿರುತ್ತದೆ, ಅನಂತರ ಹೊರಟುಹೋಗುತ್ತದೆ. ದೇಹದ ಸುತ್ತ ನೆರೆದ ಜನ ವಾಟ್ಸನ್ನನನ್ನು ಹತ್ತಿರ ಬಿಡದೆ ತಡೆಯುತ್ತಾರೆ. ಇದಕ್ಕೂ ಮೊದಲಿನ ದೃಶ್ಯವೊಂದರಲ್ಲಿ ಷರ್ಲಾಕ್ ಪ್ರಯೋಗಾಲಯದಲ್ಲಿ ಕುಳಿತು ರಬ್ಬರ್ ಚೆಂಡೊಂದನ್ನು ಪುಟಿಸುತ್ತಿರುತ್ತಾನೆ. ಕಂಕುಳಲ್ಲಿ ಅಂಥ ಚೆಂಡನ್ನು ಬಿಗಿಯಾಗಿ ಒತ್ತಿಕೊಂಡರೆ ಮಣಿಕಟ್ಟಿನ ನಾಡಿ ಸಿಗದಂತೆ ಮಾಡಬಹುದೆಂಬುದನ್ನು ಬಲ್ಲವರು ಆ ಚೆಂಡಿನ ಅರ್ಥವನ್ನು ಹೊರತೆಗೆದರು. ಆಸ್ಪತ್ರೆಯ ಶವಾಗಾರದಲ್ಲಿ ಕೆಲಸ ಮಾಡುವ ಮಾಲಿ ಹೂಪರ್ ಎಂಬವಳ ಬಳಿಗೆ ಷರ್ಲಾಕ್ ರಾತ್ರಿ ಹೋಗಿ ಸಹಾಯ ಕೇಳಿದ್ದನ್ನು ಎಲ್ಲರೂ ನೋಡಿದ್ದರು. ಶವವೊಂದನ್ನು ಒದಗಿಸಿದವಳು ಅವಳೇ ಎಂದು ತೀರ್ಮಾನಿಸುವುದು ಕಷ್ಟವಾಗಿರಲಿಲ್ಲ. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು ಊಹೆ. ಕಂತಿನ ನಡುವೆ, ಅಪಹರಣದಿಂದ ಬಿಡುಗಡೆಯಾದ ಹುಡುಗಿಯೊಬ್ಬಳು ಷರ್ಲಾಕನನ್ನು ಕಂಡೊಡನೆ ಚೀರುತ್ತಾಳೆ. ಅವಳನ್ನು ಅಪಹರಿಸಿದವನು ಷರ್ಲಾಕನನ್ನು ಹೋಲುವವನಾಗಿದ್ದಿರಬೇಕು. ಹಾಗಾದರೆ ಅಂಥದೊಂದು ಹೋಲಿಕೆಯ ದೇಹ ಎಲ್ಲೋ ಇದೆ. ಬಿದ್ದದ್ದು ಅದೇ ಇರಬಹುದು. ಬೇರೆ ಬೇರೆ ಸ್ಥಳಗಳಲ್ಲಿರುವ ಎರಡು ವಾಕ್ಯಗಳನ್ನು ಕೂಡಿಸಿ ಮೂರನೆಯ ಅರ್ಥವನ್ನು ಪಡೆಯುವ ಈ ಕ್ರಮ ನಮ್ಮ ಟೀಕಾಕಾರರಿಗೆ ಅಪರಿಚಿತವಲ್ಲ.

ಕಂತು ಪ್ರಸಾರವಾದ ಕೆಲವೇ ದಿನಗಳಲ್ಲಿ ಮಾಫಟ್ ಅವರು ಪತ್ರಿಕೆಗಳೊಡನೆ ಮಾತನಾಡುತ್ತ, ಎಲ್ಲರ ಕಣ್ಣು ತಪ್ಪಿಸಿಕೊಂಡ ಒಂದು ಸುಳಿವು ಉಂಟೆಂದೂ, ಷರ್ಲಾಕ್ ತನ್ನ ಸ್ವಭಾವಕ್ಕೆ ಒಗ್ಗದ ಏನನ್ನೋ ಮಾಡಿದ್ದಾನೆಂದೂ ಸೂಚಿಸಿದರು. ಇದು ಬೆಂಕಿಗೆ ತುಪ್ಪ ಸುರಿದಂತಾಯಿತು. ಕರ್ತೃವೇ ಹೊರಗೆ ನಿಂತು ಪಾಠದ ಕಡೆಗೆ ಬೆರಳು ತೋರಿಸಿದಾಗ ಓದುಗರ ಸ್ವಾತಂತ್ರ್ಯ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ ಎಂಬುದು ವಿಚಾರಣೀಯ. ನಮಗೆ ತೋರುವ ಮಟ್ಟಿಗೆ ಅದು ಕುಗ್ಗಿತು: ಅಲ್ಲಿಯವರೆಗೆ ಯಾವ ವ್ಯಾಖ್ಯಾನ ಸುಂದರ ಎಂದು ಕೇಳುತ್ತಿದ್ದವರು ಅಲ್ಲಿಂದ ಮುಂದೆ ಯಾವುದು ಸರಿಯುತ್ತರ ಎಂದು ಕೇಳತೊಡಗಿದರು.

ಇದರ ಜೊತೆಗೆ ನಡೆದ ಇನ್ನೊಂದು ಸಂಗತಿಯನ್ನು ಊಹೆಗಳಷ್ಟು ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ಷರ್ಲಾಕನಲ್ಲಿ ತಮಗೆ ನಂಬಿಕೆಯಿದೆ, ಮೋರಿಯಾರ್ಟಿ ನಿಜವಾಗಿದ್ದವನು ಎಂದು ಸಾರುವ ಚೀಟಿಗಳನ್ನು ಅಭಿಮಾನಿಗಳು ಅನೇಕ ದೇಶಗಳ ಗೋಡೆಗಳಲ್ಲಿ, ಕಂಬಗಳಲ್ಲಿ ಅಂಟಿಸಿದರು. ಬಾರ್ತಲೋಮ್ಯೂ ಆಸ್ಪತ್ರೆಯ ಹತ್ತಿರದ ಕೆಂಪು ದೂರವಾಣಿ ಪೆಟ್ಟಿಗೆಯ ಗಾಜುಗಳು ಇಂಥ ಚೀಟಿಗಳಿಂದ ತುಂಬಿದವು. ಇವು ಶೋಕದ ಬರಹಗಳಲ್ಲ. ಕಥೆಯೊಳಗೆ ಪತ್ರಿಕೆಗಳು ಷರ್ಲಾಕನನ್ನು ವಂಚಕನೆಂದು ಸಾರಿದ್ದವು. ಆ ಆರೋಪಕ್ಕೆ ಕಥೆಯ ಹೊರಗಿನ ಜನ, ತಾವೂ ಆ ಲಂಡನ್ನಿನ ನಾಗರಿಕರೇ ಎಂಬಂತೆ, ಪ್ರತಿಸಾಕ್ಷ್ಯ ನುಡಿದರು. ಸತ್ತವನಿಗೆ ಕಣ್ಣೀರು ಹಾಕುವುದು ಬೇರೆ, ಅವನ ಪರವಾಗಿ ಸಾಕ್ಷಿ ಹೇಳುವುದು ಬೇರೆ. 2012ರಲ್ಲಿ ನಡೆದದ್ದು ಎರಡನೆಯದು. ಇದನ್ನು ಮನಗಂಡ ಮೇಲೆಯೇ ನಮಗೆ 1893ರ ಕಪ್ಪುಪಟ್ಟಿಗಳ ಬಗೆಗೆ ಸಂಶಯ ಹುಟ್ಟಿದ್ದು.

ಆ ಪಟ್ಟಿಗಳನ್ನು ಕಂಡವರಾರು? ಆ ಕಾಲದ ಪತ್ರಿಕೆಗಳಲ್ಲಿ ಹುಡುಕಿದವರಿಗೆ ಇದಕ್ಕೆ ಸಮಕಾಲೀನ ಆಧಾರ ದೊರೆತಿಲ್ಲ. ಜಾನ್ ಡಿಕ್ಸನ್ ಕಾರ್ ಅವರು 1949ರಲ್ಲಿ ಪ್ರಕಟಿಸಿದ ಡಾಯ್ಲ್ ಜೀವನಚರಿತ್ರೆಯಿಂದ ಈ ವೃತ್ತಾಂತ ಪ್ರಚಾರಕ್ಕೆ ಬಂದಂತಿದೆ. ಅಂದರೆ ಘಟನೆಗೂ ಬರಹಕ್ಕೂ ಅರ್ಧ ಶತಮಾನಕ್ಕಿಂತ ಹೆಚ್ಚು ಅಂತರ. 20,000 ಎಂಬ ಅಂಕಿಯೂ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆಯೇ ಹೊರತು ಅದರ ಮೂಲವನ್ನು ಉಲ್ಲೇಖಿಸುವವರು ವಿರಳ. ನಿಶ್ಚಿತವಾಗಿ ಹೇಳಬಹುದಾದದ್ದು ಇಷ್ಟು: ಡಾಯ್ಲ್ ಅವರು 1924ರ ತಮ್ಮ ಆತ್ಮಕಥನದಲ್ಲಿ, ಮಹಿಳೆಯೊಬ್ಬಳು ತಮ್ಮನ್ನು ಕ್ರೂರಿಯೆಂದು ಸಂಬೋಧಿಸಿ ಪತ್ರ ಬರೆದಳೆಂದೂ, ಅನೇಕರು ಅತ್ತರೆಂದು ಕೇಳಿದೆನೆಂದೂ, ತಾವು ಮಾತ್ರ ನಿರ್ವಿಕಾರರಾಗಿದ್ದೆವೆಂದೂ ಹೇಳಿಕೊಂಡಿದ್ದಾರೆ. ಪತ್ರಗಳು ಬಂದದ್ದು ನಿಜ, ಬೇಸರವಾದದ್ದು ನಿಜ. ಬೀದಿಯ ತುಂಬ ಕಪ್ಪುಪಟ್ಟಿ ಎಂಬುದು ಐತಿಹ್ಯ. ಆ ಹೇಮಂತದಲ್ಲಿ ನಿಜವಾದ ಶೋಕವಿದ್ದುದು ಡಾಯ್ಲ್ ಅವರ ಮನೆಯಲ್ಲಿ: ಅಕ್ಟೋಬರಿನಲ್ಲಿ ತಂದೆ ತೀರಿಕೊಂಡಿದ್ದರು; ಪತ್ನಿಗೆ ಕ್ಷಯರೋಗವಿರುವುದು ಅದೇ ದಿನಗಳಲ್ಲಿ ತಿಳಿದುಬಂದಿತ್ತು. ಆ ಶೋಕವನ್ನು ಯಾವ ಐತಿಹ್ಯವೂ ಹಾಡಲಿಲ್ಲ.

ಐತಿಹ್ಯವೆಂದೊಡನೆ ಅದನ್ನು ಕಸದಬುಟ್ಟಿಗೆ ಎಸೆಯಬೇಕಾಗಿಲ್ಲ. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಒದ್ದೆಬಟ್ಟೆ ಒಣಗುವವರೆಗೆ ಕಾವ್ಯ ಬರೆಯುತ್ತಿದ್ದನೆಂಬ ಮಾತನ್ನು ನಮ್ಮ ಸಾಹಿತ್ಯಚರಿತ್ರಕಾರರು ಘಟನೆಯೆಂದು ದಾಖಲಿಸದಿದ್ದರೂ ಬಿಟ್ಟುಬಿಟ್ಟಿಲ್ಲ. ಅಂಥ ಮಾತು ಯಾರಿಗೆ ಏಕೆ ಬೇಕಾಯಿತು ಎಂದು ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಕಪ್ಪುಪಟ್ಟಿಯ ಕಥೆ ಓದುಗರನ್ನು ಮುಗ್ಧರನ್ನಾಗಿ, ಕಥೆಗೂ ಬದುಕಿಗೂ ಭೇದವರಿಯದವರನ್ನಾಗಿ ಚಿತ್ರಿಸುತ್ತದೆ. ಅದು ಕರ್ತೃವಿನ ಶಕ್ತಿಯನ್ನು ಹೊಗಳುತ್ತದೆ, ಪ್ರಕಾಶಕನಿಗೆ ಜಾಹೀರಾತಾಗುತ್ತದೆ. 2012ರ ನಂತರವಂತೂ ಹೊಸ ಅಭಿಮಾನಿಗಳಿಗೆ ಪೂರ್ವಜರನ್ನು ಒದಗಿಸುವ ಸಲುವಾಗಿ ಪತ್ರಿಕೆಗಳು ಅದನ್ನು ಮತ್ತೆ ಮತ್ತೆ ಬರೆದವು. ಆದರೆ ಹೋಮ್ಸನ ಓದುಗರ ನಿಜವಾದ ಪೂರ್ವಪರಂಪರೆ ಬೇರೆಡೆ ಇದೆ.

ಮೂಲ ಕಥೆಯನ್ನೇ ನೋಡಿದರೆ ಅದು ಸಂಶಯಕ್ಕೆ ಎಷ್ಟು ಎಡೆಗೊಡುತ್ತದೆಂಬುದು ತಿಳಿಯುತ್ತದೆ. ಹೋಮ್ಸ್ ಬಿದ್ದುದನ್ನು ವಾಟ್ಸನ್ ನೋಡಿಲ್ಲ. ಜಲಪಾತದಂಚಿಗೆ ಹೋದ ಎರಡು ಜೊತೆ ಹೆಜ್ಜೆಗುರುತುಗಳು, ಮರಳಿ ಬಂದ ಗುರುತಿಲ್ಲದಿರುವುದು, ಬಂಡೆಗೊರಗಿಸಿದ ಊರುಗೋಲು, ಒಂದು ಪತ್ರ: ಇಷ್ಟರಿಂದಲೇ ಅವನು ಮರಣವನ್ನು ಊಹಿಸುತ್ತಾನೆ. ಶವ ಸಿಗುವುದಿಲ್ಲ. ಸುಮಾರು ಹತ್ತು ವರ್ಷಗಳ ಬಳಿಕ, 1903ರಲ್ಲಿ 'ದಿ ಎಂಪ್ಟಿ ಹೌಸ್' ಕಥೆಯಲ್ಲಿ ಹೋಮ್ಸ್ ಮರಳಿದಾಗ, ತಾನು ಜಪಾನಿ ಕುಸ್ತಿಯ ಪಟ್ಟಿನಿಂದ ತಪ್ಪಿಸಿಕೊಂಡೆನೆಂದೂ ಬಂಡೆಯನ್ನು ಏರಿ ಅಡಗಿಕೊಂಡೆನೆಂದೂ ಎರಡು ವರ್ಷ ಟಿಬೆಟಿನಲ್ಲಿ ಸಂಚರಿಸಿದೆನೆಂದೂ ವಿವರಿಸುತ್ತಾನೆ. ಈ ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ತರುಣ ವಿದ್ವಾಂಸರು ಆಕ್ಸ್‌ಫರ್ಡಿನಲ್ಲಿ ಓದಿದ ಪ್ರಬಂಧವೊಂದರಲ್ಲಿ, ಬೈಬಲ್ಲಿನ ಪಾಠವಿಮರ್ಶಕರ ಶೈಲಿಯನ್ನು ಅಣಕಿಸುತ್ತ, ಮರಳಿಬಂದ ಹೋಮ್ಸನ ಕಥೆಗಳು ವಾಟ್ಸನ್ನನ ಕಲ್ಪನೆಯೆಂದು ವಾದಿಸಿದರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಉತ್ತರಭಾಗವೆಲ್ಲ ಪ್ರಕ್ಷಿಪ್ತವೆಂದಂತಾಯಿತು. ಅಣಕವೆಂದು ಆರಂಭವಾದರೂ ಈ ಕ್ರಮ ಮುಂದೆ ಒಂದು ವಿದ್ವತ್‌ಕ್ರೀಡೆಯಾಗಿ ಬೆಳೆಯಿತು. 1934ರಲ್ಲಿ ನ್ಯೂಯಾರ್ಕಿನಲ್ಲಿ ಕ್ರಿಸ್ಟಫರ್ ಮಾರ್ಲಿಯವರು ಸ್ಥಾಪಿಸಿದ 'ಬೇಕರ್ ಸ್ಟ್ರೀಟ್ ಇರೆಗ್ಯುಲರ್ಸ್' ಕೂಟ ಅದಕ್ಕೆ ನೆಲೆಯಾಯಿತು. ಡಾಯ್ಲ್ ಅವರೇ 1912ರಲ್ಲಿ ನಾಕ್ಸರಿಗೆ ಪತ್ರ ಬರೆದು, ತಮಗಿಂತ ಹೆಚ್ಚಾಗಿ ಈ ಕಥೆಗಳನ್ನು ಬಲ್ಲವರಿದ್ದಾರೆಂದು ವಿನೋದ ವಿಸ್ಮಯಗಳನ್ನು ಸೂಚಿಸಿದರು. ಮಾಳಿಗೆಯ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವರು ನಾಕ್ಸರ ಮೊಮ್ಮಕ್ಕಳು, ಕಪ್ಪುಪಟ್ಟಿಯವರ ಸಂತಾನವಲ್ಲ.

2014ರ ಜನವರಿ 1ರಂದು ಮುಂದಿನ ಕಂತು ಬಂದಿತು. ಹಳೆಯ ಕಥೆಯ ಹೆಸರಿನ 'ಬರಿದಾದ ಮನೆ' ಇಲ್ಲಿ 'ಬರಿದಾದ ಶವವಾಹನ'ವಾಗಿ, 'ದಿ ಎಂಪ್ಟಿ ಹರ್ಸ್' ಎಂಬ ಶೀರ್ಷಿಕೆ ಪಡೆಯಿತು. ಬ್ರಿಟನ್ನಿನಲ್ಲಿ ಸುಮಾರು 1 ಕೋಟಿ 27 ಲಕ್ಷ ಜನ ನೋಡಿದ ಈ ಕಂತನ್ನು ಗೇಟಿಸ್ ಬರೆದರು. ವಿಶೇಷವೆಂದರೆ ಅವರು ಊಹೆಗಳಿಗೆ ಉತ್ತರ ಕೊಡುವ ಬದಲು ಊಹಿಸುವವರನ್ನೇ ಕಥೆಯೊಳಗೆ ತಂದರು. ಹಿಂದಿನ ಕಂತುಗಳಲ್ಲಿ ಷರ್ಲಾಕನನ್ನು ದ್ವೇಷಿಸಿ, ಅವನ ಅಪಕೀರ್ತಿಗೆ ಕೈಜೋಡಿಸಿದ್ದ ಆಂಡರ್ಸನ್ ಎಂಬ ಪೊಲೀಸ್ ತಜ್ಞ ಈಗ ಗಡ್ಡ ಬಿಟ್ಟು, ಗೋಡೆಯ ತುಂಬ ಕಾಗದಗಳನ್ನು ಅಂಟಿಸಿಕೊಂಡು, ಷರ್ಲಾಕ್ ಬದುಕಿದ್ದಾನೆಂದು ನಂಬುವವರ ಕೂಟವೊಂದನ್ನು ಕಟ್ಟಿಕೊಂಡಿದ್ದಾನೆ. ಕಂತಿನಲ್ಲಿ ಒಟ್ಟು ಮೂರು ವಿವರಣೆಗಳಿವೆ. ಮೊದಲನೆಯದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜಿಗಿದು, ಕಿಟಕಿಯೊಡೆದು ಒಳನುಗ್ಗುವ ಸಿನಿಮೀಯ ಸಾಹಸ. ಎರಡನೆಯದು ಕೂಟದ ತರುಣಿಯೊಬ್ಬಳು ಹೆಣೆದದ್ದು. ಅದರಲ್ಲಿ ಷರ್ಲಾಕ್ ಮತ್ತು ಮೋರಿಯಾರ್ಟಿ ಪ್ರಣಯಿಗಳಾಗುವಷ್ಟರಲ್ಲಿ ಆಂಡರ್ಸನ್ ಅವಳನ್ನು ಗದರುತ್ತಾನೆ. ಈ ದೃಶ್ಯದಲ್ಲಿ ಅಭಿಮಾನಿನಿಯರ ಬಗೆಗೆ ಲೇಖಕರು ತೋರಿದ ತಾತ್ಸಾರ ನಮಗೆ ಹಿಡಿಸಲಿಲ್ಲ. ಆಗ ಬೇಸರಗೊಂಡವರ ಬೇಸರ ನ್ಯಾಯವಾದುದೇ. ಮೂರನೆಯದನ್ನು ಷರ್ಲಾಕನೇ ಆಂಡರ್ಸನ್ನನಿಗೆ ಹೇಳುತ್ತಾನೆ: ಗಾಳಿ ತುಂಬಿದ ದೊಡ್ಡ ಹಾಸಿಗೆ, ಹೋಲಿಕೆಯ ಶವ, ಕಂಕುಳ ಚೆಂಡು, ತಗ್ಗು ಕಟ್ಟಡದ ಮರೆ, ದಾರಿಹೋಕರ ವೇಷದ ಸಹಾಯಕರು. ಪ್ರೇಕ್ಷಕರು ಎರಡು ವರ್ಷ ಮೊದಲೇ ಕಂಡುಕೊಂಡಿದ್ದ ಸಂಗತಿಗಳೇ ಇವುಗಳಲ್ಲಿ ಹಲವು. ಅದನ್ನು ಕೇಳಿದ ಆಂಡರ್ಸನ್ ನಿರಾಶನಾಗುತ್ತಾನೆ. ಅದು ನಿಜವೋ ಅಲ್ಲವೋ ಎಂಬುದನ್ನೂ ಕಂತು ಖಚಿತಪಡಿಸುವುದಿಲ್ಲ.

ಇದನ್ನು ನುಣುಚಿಕೊಳ್ಳುವಿಕೆ ಎಂದವರುಂಟು. ನಾವು ಹಾಗೆ ಭಾವಿಸುವುದಿಲ್ಲ. ಆಂಡರ್ಸನ್ನನ ಪಾತ್ರವನ್ನು ಕೇವಲ ಅಣಕವೆಂದು ನೋಡಿದವರು ಒಂದು ಅಂಶವನ್ನು ಗಮನಿಸಿಲ್ಲ: ಅವನ ಊಹೆಗಳು ಪ್ರಾಯಶ್ಚಿತ್ತದಿಂದ ಹುಟ್ಟಿದವು. ತಾನು ಸಂಶಯಿಸಿದ ಕಾರಣ ಒಬ್ಬನು ಸತ್ತನೆಂಬ ಭಾರವನ್ನು ಇಳಿಸಿಕೊಳ್ಳಲು ಅವನು ಸತ್ತಿಲ್ಲವೆಂದು ಸಾಧಿಸಬೇಕಾಗಿದೆ. ಇತ್ತ ವಾಟ್ಸನ್ ಗೆಳೆಯನನ್ನು ಕಂಡಾಗ ವಿಧಾನವನ್ನು ವಿವರಿಸಗೊಡುವುದಿಲ್ಲ. ಹೇಗೆ ಮಾಡಿದೆಯೆಂಬುದು ತನಗೆ ಬೇಡ, ಏಕೆ ಮಾಡಿದೆಯೆಂದು ಹೇಳು ಎಂದು ಕೇಳುತ್ತಾನೆ, ಹೊಡೆಯಲೂ ಹೊಡೆಯುತ್ತಾನೆ. 1903ರ ವಾಟ್ಸನ್ ಮೂರ್ಛೆಹೋಗಿ ಎದ್ದು, ಕೂಡಲೇ ಕ್ಷಮಿಸಿಬಿಟ್ಟಿದ್ದನು. ಡಾಯ್ಲ್ ಅವರು ಕೇಳದೆ ಬಿಟ್ಟ ಪ್ರಶ್ನೆಯನ್ನು ನೂರ ಹತ್ತು ವರ್ಷಗಳ ನಂತರದ ವಾಟ್ಸನ್ ಕೇಳಿದನು.

ಧಾರಾವಾಹಿಯ ಉತ್ತರಕಾಂಡ ಇಷ್ಟು ಸುಖಕರವಲ್ಲ. 2017ರ ಜನವರಿ 15ರಂದು ನಾಲ್ಕನೆಯ ಸರಣಿಯ ಕೊನೆಯ ಕಂತು ಪ್ರಸಾರವಾದಾಗ, ಷರ್ಲಾಕ್ ಮತ್ತು ವಾಟ್ಸನ್‌ರ ನಡುವಣ ಪ್ರೇಮ ಅಂತಿಮವಾಗಿ ಪ್ರಕಟವಾಗುತ್ತದೆಂದು ವರ್ಷಗಳಿಂದ ವಾದಿಸುತ್ತ ಬಂದಿದ್ದ ಅಭಿಮಾನಿಗಳ ಒಂದು ವರ್ಗ ಅದನ್ನು ಅಂತ್ಯವೆಂದೇ ಒಪ್ಪಲಿಲ್ಲ. ಅದು ಬೇಕೆಂದೇ ಕೆಟ್ಟದಾಗಿ ಮಾಡಿದ ಕಂತು, ನಿಜವಾದ ನಾಲ್ಕನೆಯದನ್ನು ಬಚ್ಚಿಟ್ಟಿದ್ದಾರೆ ಎಂಬ ವಾದ ಹುಟ್ಟಿತು. ಮುಂದಿನ ಭಾನುವಾರ, ಜನವರಿ 22ರಂದು ಬಿಬಿಸಿಯಲ್ಲಿ ಆರಂಭವಾಗಲಿದ್ದ 'ಆ್ಯಪಲ್ ಟ್ರೀ ಯಾರ್ಡ್' ಎಂಬ ಧಾರಾವಾಹಿ ಕೇವಲ ಮುಸುಕು, ಆ ವೇಳೆಗೆ ಗುಪ್ತ ಕಂತು ಬರುತ್ತದೆ ಎಂದು ಅವರು ಕಾದರು. ಬಂದದ್ದು 'ಆ್ಯಪಲ್ ಟ್ರೀ ಯಾರ್ಡ್' ಮಾತ್ರ. ಲೂಯಿಸ್ ಡೌಟಿಯವರ ಕಾದಂಬರಿಯನ್ನಾಧರಿಸಿದ ಬೇರೆಯೇ ಕಥೆ. ನಾಕ್ಸರು ಉತ್ತರಭಾಗವನ್ನು ಪ್ರಕ್ಷಿಪ್ತವೆಂದಾಗ ತಾವು ಆಡುತ್ತಿದ್ದೇವೆಂಬುದು ಅವರಿಗೆ ಗೊತ್ತಿತ್ತು. ಇಲ್ಲಿ ಆಟದ ಗೆರೆ ಅಳಿಸಿಹೋಗಿತ್ತು. ಆದರೂ ಇವರನ್ನು ಮೂಢರೆನ್ನಲು ನಮ್ಮ ಮನಸ್ಸು ಒಪ್ಪದು. ಕಣ್ಣಿಗೆ ಬೀಳದ ಸುಳಿವು ಎಲ್ಲೆಲ್ಲೂ ಇದೆಯೆಂದು ಐದು ವರ್ಷ ಹಿಂದೆ ಅವರಿಗೆ ಕಲಿಸಿದವರು ಧಾರಾವಾಹಿಯ ಕರ್ತೃಗಳೇ.

ಭಾರತದ ಕಡೆಗೆ ತಿರುಗಿದರೆ ಹೋಲಿಕೆಗೆ ತಟ್ಟನೆ ಒದಗುವವನು ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿ. 1932ರಲ್ಲಿ ಬಂಗಾಳಿಯಲ್ಲಿ ಹುಟ್ಟಿದ ಈ ಪತ್ತೇದಾರನನ್ನು ಅವನ ಕರ್ತೃ ಕೊಲ್ಲಲಿಲ್ಲ. ಮದುವೆ ಮಾಡಿಸಿ ಸುಮ್ಮನಾದರು. 1938ರಲ್ಲಿ ಚಿತ್ರಕಥೆ ಬರೆಯಲು ಮುಂಬಯಿಗೆ ಬಂದ ಶರದಿಂದು ಮುಂದೆ ಪುಣೆಯಲ್ಲಿ ನೆಲೆಸಿದರು. ಸುಮಾರು ಹದಿನೈದು ವರ್ಷಗಳ ಮೌನದ ಬಳಿಕ, ಓದುಗರ ಒತ್ತಾಸೆಯಿಂದ, ಬ್ಯೋಮಕೇಶನನ್ನು ಮತ್ತೆ ಕೈಗೆತ್ತಿಕೊಂಡರು. ಬಾಸು ಚಟರ್ಜಿಯವರ ನಿರ್ದೇಶನದಲ್ಲಿ, ರಜಿತ್ ಕಪೂರ್ ಮುಖ್ಯಪಾತ್ರದಲ್ಲಿ, 1993ರಲ್ಲಿ ದೂರದರ್ಶನ ಇದನ್ನು ಹಿಂದಿಯಲ್ಲಿ ಪ್ರಸಾರ ಮಾಡಿದಾಗ ಹೊರನಾಡಿನ ಕನ್ನಡ ಮನೆಗಳಲ್ಲಿಯೂ ನೋಡಿದ್ದೇವೆ. ಕೊಲೆಗಾರ ಯಾರೆಂದು ಊಟದ ಹೊತ್ತಿನಲ್ಲಿ ವಾದಿಸಿಯೂ ಇದ್ದೇವೆ. ಆ ವಾದಗಳ ಒಂದು ಸಾಲೂ ಉಳಿದಿಲ್ಲ.

ಕನ್ನಡದಲ್ಲಿ ಉಳಿದಿರಬಹುದಾದ ಆಕರ ಒಂದಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳೂ ಅವುಗಳ ಸಮಕಾಲೀನ ಪತ್ತೇದಾರಿ ಪುಸ್ತಕಗಳೂ ಬಾಡಿಗೆ ಪುಸ್ತಕದಂಗಡಿಗಳಲ್ಲಿ, ಸಂಘಗಳ ವಾಚನಾಲಯಗಳಲ್ಲಿ ಕೈಯಿಂದ ಕೈಗೆ ತಿರುಗಿದವು. ಇಂಥ ಪ್ರತಿಗಳ ಅಂಚಿನಲ್ಲಿ ಸೀಸದಕಡ್ಡಿಯಿಂದ ಗೀಚಿದ ಮಾತುಗಳನ್ನು ಕಾಣುತ್ತೇವೆ: 'ಇವನೇ ಕೊಲೆಗಾರ' ಎಂದು ಒಬ್ಬನ ಕೈ, ಅದರ ಕೆಳಗೆ 'ಸುಳ್ಳು, ಮುಂದೆ ಓದು' ಎಂದು ಇನ್ನೊಬ್ಬನ ಕೈ. ಗ್ರಂಥಪಾಲಕರು ಇವನ್ನು ಪುಸ್ತಕ ಕೆಡಿಸಿದ ಗೀಟುಗಳೆಂದು ಎಣಿಸಿ, ಹರಕು ಪ್ರತಿಗಳನ್ನು ರದ್ದಿಗೆ ಹಾಕುತ್ತ ಬಂದಿದ್ದಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ ಕಪಾಟುಗಳಲ್ಲಿ ಇಂಥ ಪ್ರತಿಗಳು ಇನ್ನೂ ಇದ್ದರೆ, ರದ್ದಿಗೆ ಹೋಗುವ ಮುನ್ನ ಅಂಚಿನ ಬರಹಗಳನ್ನು ಪುಟಸಂಖ್ಯೆ ಸಹಿತ ನಕಲು ಮಾಡಿ ಪೀಠಕ್ಕೆ ಕಳುಹಿಸಬೇಕೆಂದು ವಾಚಕರಲ್ಲಿ ವಿನಂತಿಸುತ್ತೇವೆ.